ಗೋಡೆಯ ಮೇಲುಳಿದ ನೆರಳು

ಹಿಕ್ಮತನ ಬಾಯಿಗೊಂದು ಬೀಗವಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ತಾಷ್ಕೆಂಟಿನ ಹಳೇ ಪೇಟೆಯ ಚಹಾದಂಗಡಿಯಲ್ಲಿ ಕೂತು, "ನಾಳೆ ಬೆಳಗ್ಗೆ ನಮ್ಮ ಓಣಿ ಫೋಟೊ ತೆಗೀತೀನಿ. ಗ್ಯಾಲರೀಲಿ ತೂಗುಹಾಕ್ತಾರೆ!" ಎಂದುಬಿಟ್ಟ.

ಮದುವೆಮನೆಗಳಲ್ಲಿ ಗಂಡುಹೆಣ್ಣಿನ ಫೋಟೊ ತೆಗೆದು ಹೊಟ್ಟೆ ಹೊರೆಯುವ ಮನುಷ್ಯ ಅವನು. ಮನಸ್ಸು ಮಾತ್ರ ಜನರಿಲ್ಲದ ಬೀದಿಗಳಲ್ಲೇ ಅಲೆಯುತ್ತಿತ್ತು. 'ಕನಸು ಕಾಣುವ ನಗರ' ಅಂತ ಒಂದು ಚಿತ್ರಮಾಲೆ ಮಾಡುತ್ತಿದ್ದ. ಕೊನೆಯದೊಂದು ಬಾಕಿ: ಬಿರುಕುಬಿಟ್ಟ ಮಣ್ಣಿನ ಗೋಡೆ, ನೀಲಿ ಕದ, ಹಿಪ್ಪುನೇರಳೆ ಮರದಡಿ ತೂಕಡಿಸುವ ಎಳೆಬಿಸಿಲು, ಒಂದು ನರಪಿಳ್ಳೆಯೂ ಇಲ್ಲ. ಮರುದಿನ ಸಂಜೆಯೊಳಗೆ ಅದನ್ನು ತಂದರೆ ಮಾತ್ರ ಪ್ರದರ್ಶನದಲ್ಲಿ ಜಾಗ ಎಂದು ಗ್ಯಾಲರಿ ನಡೆಸುವ ದಿಲ್ಫುಜಾ ಓಪಾ, ಅಂದರೆ ದಿಲ್ಫುಜಾ ಅಕ್ಕ, ಹೇಳಿದ್ದರು. "ನಿಮ್ಮ ಒಂದು ಫೋಟೊನಾದ್ರೂ ಗೋಡೆ ಹತ್ತಿದ್ದನ್ನ ನೋಡ್ಬೇಕು ಕಣ್ರೀ" ಎಂದು ಹೆಂಡತಿ ಝೆಬೊ ಹರಕೆ ಹೊತ್ತವಳ ಹಾಗೆ ಕಾಯುತ್ತಿದ್ದಳು.

ಹೊತ್ತು ಮೂಡುವಾಗ ಕ್ಯಾಮೆರಾ ಹೆಗಲಿಗೇರಿಸಿ ಬಾಗಿಲು ತೆರೆದ. ಓಣಿಗೆ ಓಣಿಯೇ ಹಬ್ಬದ ಬಟ್ಟೆ ತೊಟ್ಟು, ಕೈಯಲ್ಲಿ ಬ್ರಷ್ ಹಿಡಿದು ನಿಂತಿತ್ತು. ಗೋಡೆ ಹಾಲಿನಂತೆ ಬೆಳ್ಳಗಿತ್ತು.

"ಬಾರಪ್ಪಾ ಬಾ!" ಓಣಿಯ ಹಿರಿಯ, ಎಲ್ಲರ ಪಾಲಿನ ತಾತ ಎರ್ಗಶ್ ಓತಾ ಕೈಬೀಸಿದರು. "ಕಜ್ಜಿ ಹಿಡಿದ ಕತ್ತೆ ಬೆನ್ನಿನಂಥ ಗೋಡೇನ ಗ್ಯಾಲರಿಗೆ ಕಳಿಸ್ತಾರೇನೋ? ನಮ್ಮ ಮಾನ ಏನಾಗ್ಬೇಕು? ಅದಕ್ಕೇ ಹಶಾರ್ ಕರೆದೆ. ನಸುಕಲ್ಲೇ ಸುಣ್ಣ ಬಳಿದು ಮುಗಿಸಿದ್ವಿ."

ಹಶಾರ್ ಅಂದಮೇಲೆ ಮುಗಿಯಿತು. ಹಿರಿಯರು ಕರೆದರೆ ಮನೆಗೊಬ್ಬರು ಬಂದು ಪುಕ್ಕಟೆ ದುಡಿಯುತ್ತಾರೆ. ಮಾಡಿಸಿಕೊಂಡವನು ತುಟಿ ಬಿಚ್ಚದೆ ಪಲಾವ್ ಬಡಿಸಬೇಕು.

"ಓತಾ, ನನಗೆ ಆ ಬಿರುಕೇ ಬೇಕಿತ್ತು..."

"ಬಿರುಕು ಬೇಕಂತೆ!" ಪಕ್ಕದ ಮನೆಯ ಸಾಜಿದಾ ಓಪಾ ಸೊಂಟಕ್ಕೆ ಕೈಕೊಟ್ಟು ನಕ್ಕರು. "ನಮ್ಮನೆಯವರ ಹಿಮ್ಮಡಿ ತೆಗಿಯಪ್ಪಾ, ಬೇಕಾದಷ್ಟಿದೆ!"

ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾ ಗೋಡೆಯ ಮುಂದೆ ಸಾಲಾಗಿ ನಿಂತರು. ಯಾರೂ ಕದಲಲಿಲ್ಲ. ಹಿಕ್ಮತ್ ಅಳುಮೋರೆ ಮಾಡಿಕೊಂಡು ಕ್ಲಿಕ್ಕಿಸಿದ.

ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು ಒಬ್ಬೊಬ್ಬರನ್ನೇ ಅಳಿಸತೊಡಗಿದ. ಒಬ್ಬರು ಮಾಯವಾದ ಹಾಗೆಲ್ಲ ಓಣಿ ಮೆಲ್ಲಗೆ ನಿದ್ದೆಗೆ ಜಾರುತ್ತಿತ್ತು. ಆ ಮುಖಗಳು ಮತ್ತೆ ಕಣ್ಣಿಗೆ ಬೀಳಲೇಬಾರದೆಂದು ಸಿಟ್ಟಿನಲ್ಲಿ ಮೂಲ ಚಿತ್ರವನ್ನೂ ಅಳಿಸಿ, "ನನ್ನ ಗೋಡೇನ ಕೊಂದ್ಬಿಟ್ರು ಝೆಬೊ!" ಎಂದು ಬಿಕ್ಕಿದ. ಪಲಾವಿನ ಖಾಲಿ ತಟ್ಟೆ ಕೊಡಲು ಬಂದಿದ್ದ ಸಾಜಿದಾ ಓಪಾ ಬಾಗಿಲಿಂದಲೇ ಹಿಂದಿರುಗಿದರು.

ಗ್ಯಾಲರಿಯಲ್ಲಿ ದಿಲ್ಫುಜಾ ಓಪಾ ಚಿತ್ರದ ಮೇಲೆ ಬಗ್ಗಿದರು. "ಇದೇನ್ರೀ? ಜನರನ್ನ ಅಳಿಸಿ ನೆರಳನ್ನ ಮರೆತಿದ್ದೀರಲ್ಲ!"

ಹಿಕ್ಮತನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಬಿಳಿ ಗೋಡೆಯ ಮೇಲೆ ಎರ್ಗಶ್ ಓತಾ ಅವರ ಟೋಪಿ, ಸಾಜಿದಾ ಓಪಾ ಅವರ ಸೊಂಟದ ಮೇಲಿನ ಕೈ, ಬ್ರಷ್ಷುಗಳು, ಎಲ್ಲ ನೆರಳಾಗಿ ಹಾಗೇ ಇದ್ದವು. ದಿಲ್ಫುಜಾ ಓಪಾ ಮಾತ್ರ ಕಣ್ಣು ಕೀಳದೆ ನೋಡುತ್ತಲೇ ನಿಂತರು.

"ಊರು ಮಲಗಿ ತನ್ನ ಜನರನ್ನೇ ಕನಸಲ್ಲಿ ಕಾಣ್ತಿರೋ ಹಾಗಿದೆ ಹಿಕ್ಮತ್ ಅವರೇ. ಇದನ್ನೂ, ಜನ ಇರೋ ಫೋಟೊನೂ ಪಕ್ಕಪಕ್ಕ ಹಾಕೋಣ. ಗ್ಯಾಲರಿ ಬಾಗಿಲೆದುರಿನ ಗೋಡೆ ನಿಮ್ದೇ. ಎಲ್ಲಿ, ಕೊಡಿ?"

"ಅದು... ಅಳಿಸ್ಬಿಟ್ಟೆ."

"ಅಯ್ಯೋ! ಹಾಗಾದ್ರೆ ಇನ್ನೊಂದು ದಿನ ಕೊಡ್ತೀನಿ, ನಾಳೆ ಬೆಳಗ್ಗೆ ಮತ್ತೆ ತೆಗೀರಿ. ಅದೇ ಬಿಳಿ ಗೋಡೆ, ಅದೇ ಜನ. ಇದೊಂದೇ ಆದ್ರೆ ಆಗಲ್ಲ, ಜಾಗ ಬೇರೆಯವರಿಗೆ ಹೋಗುತ್ತೆ."

ಹಿಕ್ಮತ್ ನೆಲಕ್ಕೆ ಕಾಲು ತಾಗದ ಹಾಗೆ ಓಣಿಗೆ ಓಡಿದ. ಇಳಿಬಿಸಿಲಲ್ಲಿ ಓಣಿಯ ತುಂಬ ಬಿಳಿ ಧೂಳು ಮಂಜಿನಂತೆ ತೇಲುತ್ತಿತ್ತು. ಧೂಳಿನೊಳಗಿಂದ ಕರಕರ ಸದ್ದು. ಹುಬ್ಬಿನವರೆಗೂ ಸುಣ್ಣ ಮೆತ್ತಿಕೊಂಡ ಎರ್ಗಶ್ ಓತಾ ಹೊರಬಂದು ಅವನನ್ನು ಅಪ್ಪಿಕೊಂಡರು.

"ಸಾಜಿದಾ ಎಲ್ಲ ಹೇಳಿದಳಪ್ಪಾ. ನೀನು ಅತ್ತಿದ್ದು ಕೇಳಿ ನಮಗೆ ತಡೆಯಕ್ಕಾಗ್ಲಿಲ್ಲ. ಮತ್ತೆ ಹಶಾರ್ ಕರೆದೆ. ನೋಡು, ಕೆರೆದು ಕೆರೆದು ಹಳೇ ಕಜ್ಜಿ ವಾಪಸ್ ತಂದಿದೀವಿ!"

ಹಿಕ್ಮತ್ ಅವರ ತೋಳು ಹಿಡಿದುಕೊಂಡ. "ಓತಾ, ನಾಳೆ ಬೆಳಗ್ಗೆ ನೀವೆಲ್ಲ ಒಂದ್ಸಲ..."

"ಗೊತ್ತು, ಗೊತ್ತು! ನಾಳೆ ಒಬ್ರೂ ನಿನ್ನ ಕಣ್ಣಿಗೆ ಬೀಳಲ್ಲ. ಎಲ್ರನ್ನೂ ಚಿಮ್ಗಾನ್ ಬೆಟ್ಟಕ್ಕೆ ಕರ್ಕೊಂಡು ಹೋಗ್ತಿದೀನಿ. ನಸುಕಿಗೇ ಬಸ್ಸು. ಓಣಿ ಪೂರ್ತಿ ನಿಂದೇ!"

ಹಿಕ್ಮತ್ ಗೋಡೆಯ ಬುಡದಲ್ಲಿ ಕುಸಿದು ಕೂತ. ಕೆರೆದ ಮಣ್ಣುಗೋಡೆಯ ಮೇಲೆ ಯಾರ ನೆರಳೂ ನೆಟ್ಟಗೆ ಮೂಡುತ್ತಿರಲಿಲ್ಲ.

"ಸುಮ್ನೆ ಕೂತ್ಯಲ್ಲಪ್ಪಾ, ಹಶಾರ್ ಮುಗೀತು" ಎಂದರು ಸಾಜಿದಾ ಓಪಾ, ಕೈ ಕೊಡವುತ್ತಾ. "ಪಲಾವಿಗೆ ಅಕ್ಕಿ ನೆನೆಹಾಕೋಕೆ ಝೆಬೊಗೆ ಹೇಳಲ್ವಾ?"