ಹರಕತ್ ಇಲ್ರಿ, ಸಾಹೇಬ್ರ

ನಮ್ಮ ಕಡೆ ಜನರನ್ನು ಕೇಳದೆ ಸರಕಾರ ಯಾವ ಕಾರ್ಖಾನೆಗೂ ಪರವಾನಗಿ ಕೊಡುವುದಿಲ್ಲ. ಕೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ, ಅಷ್ಟೇ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ.

ನಾನು ಮರಾಠಿ ರಾಜ್ಯಕ್ಕೆ ಸೇರಿದ ಕರಜಗಿ ಹತ್ತಿರದ ಒಂದು ಕನ್ನಡ ಹಳ್ಳಿಯವನು, ಕನ್ನಡ ಸಾಲಿಯ ಮಾಸ್ತರನಾಗಿ ನಿವೃತ್ತನಾದವನು. ಕನ್ನಡ, ಮರಾಠಿ ಎರಡನ್ನೂ ಓದಿ ಬರೆಯಬಲ್ಲೆ ಎಂಬ ಒಂದೇ ತಪ್ಪಿಗೆ ಊರಿನ ಕಾಗದಪತ್ರಗಳೆಲ್ಲ ನನ್ನ ಕೊರಳಿಗೆ ಬಿದ್ದಿವೆ. ಊರಿನ ಮೇಲ್ಭಾಗದಲ್ಲಿ ಸಕ್ಕರೆ ತೆಗೆದುಳಿದ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ಕಾರ್ಖಾನೆ ಇದೆ. ಅದರ ಕಪ್ಪು ನೀರು ಹಳ್ಳಕ್ಕಿಳಿಯುತ್ತದೆ, ಹಳ್ಳದಿಂದ ನಮ್ಮ ದೊಡ್ಡವ್ವನ ಬಾವಿಗೆ. ಇಡೀ ಓಣಿ ಕುಡಿಯುತ್ತಿದ್ದ ಬಾವಿ ಅದು. ಈಗ ಅದರ ನೀರನ್ನು ಎಮ್ಮೆ ಕೂಡ ಮೂಸಿ ಮುಖ ತಿರುಗಿಸುತ್ತದೆ. ಆ ಕಾರ್ಖಾನೆ ಈಗಿರುವುದಕ್ಕಿಂತ ಇಮ್ಮಡಿ ದೊಡ್ಡದಾಗಬೇಕಂತೆ. ಅದಕ್ಕೆ ನಮ್ಮ ಅಭಿಪ್ರಾಯ ಬೇಕಂತೆ.

ಬಾಂಗಡಾ ಮೀನು

ಕಾರ್ಖಾನೆ ದೊಡ್ಡದಾದರೆ ಊರಿಗೇನಾಗುತ್ತದೆ ಎಂಬ ವರದಿಯನ್ನು ಯಾರು ಬೇಕಾದರೂ ಅಕ್ಕಲಕೋಟದ ಸರಕಾರಿ ಕಚೇರಿಗೆ ಬಂದು ಓದಬಹುದೆಂದು ನೋಟೀಸು ಹೇಳಿತ್ತು. ಎಸ್ಟಿ ಬಸ್ಸು ಹತ್ತಿ ಹೋದೆ. ಅಂಥ ವರದಿಯೇ ಬಂದಿಲ್ಲ ಎಂದ ಅಲ್ಲಿಯ ಕಾರಕೂನ. ಅವನ ಊಟದ ಡಬ್ಬಿ ಕೂತಿದ್ದದ್ದೇ ಅದರ ಮೇಲೆ. ಡಬ್ಬಿ ಎತ್ತಿಸಿ ಓದಿದೆ.

ನಮ್ಮ ಹಳ್ಳದಲ್ಲಿ ಬಾಂಗಡಾ ಮೀನು ಹೇರಳವಾಗಿವೆ, ದಂಡೆಯುದ್ದಕ್ಕೂ ತೆಂಗಿನ ತೋಟಗಳಿವೆ ಎಂದು ಬರೆದಿತ್ತು. ಬಾಂಗಡಾ ಸಮುದ್ರದ ಮೀನು. ನಮ್ಮ ಹಳ್ಳ ನಾಲ್ಕು ತಿಂಗಳು ಹರಿದರೆ ಹೆಚ್ಚು. ಕೊಂಕಣದ ಯಾವುದೋ ಕಾರ್ಖಾನೆಯ ವರದಿಗೆ ನಮ್ಮೂರ ಹೆಸರು ಹಚ್ಚಿ ಕಳಿಸಿದ್ದರು. ಎರಡು ಕಡೆ ಹಳೆಯ ಊರಿನ ಹೆಸರು ಹಾಗೇ ಉಳಿದಿತ್ತು. ನನ್ನ ಸಾಲಿಯಲ್ಲಿ ನಕಲು ಹೊಡೆಯುತ್ತಿದ್ದ ದಡ್ಡರೂ ಪಕ್ಕದವನ ಹೆಸರು ಬರೆಯದಷ್ಟು ಶಾಣ್ಯಾರಿದ್ದರು.

ಊರಿಗೆ ಬಂದು ಕಟ್ಟೆಯ ಮೇಲೆ ಇದನ್ನೆಲ್ಲ ಹೇಳಿದೆ. ಕುರಿ ಕಾಯುವ ಮುದುಕನೊಬ್ಬ ಬಹಳ ಹೊತ್ತು ವಿಚಾರ ಮಾಡಿ ಕೇಳಿದ:

"ಗುರುಗಳ, ಮೀನ ಮೊದಲ ಬಂದಾವಂದ್ರ, ಸಮುದ್ರ ಯಾವಾಗ ಬರತೈತಂತ್ರಿ?"

ನೆಗಡಿ

ಊರೆಲ್ಲ ನಾರುತ್ತಿದೆ ಎಂದು ತಕರಾರು ಕೊಟ್ಟೆವು. ಮಾಲಿನ್ಯ ಮಂಡಳಿಯಿಂದ ತಪಾಸಣೆಗೆ ಒಬ್ಬರು ಬಂದರು. ಅವರು ಬರುವ ಸುದ್ದಿ ನಮಗಿಂತ ಮೊದಲು ಕಾರ್ಖಾನೆಗೆ ಮುಟ್ಟಿತ್ತು, ಹಾಗಾಗಿ ಅಂದು ಚಿಮಣಿಗೆ ರಜೆ. ಆದರೂ ಹಳ್ಳದ ನಾತ ಎಲ್ಲಿಗೆ ಹೋಗಬೇಕು? ನಾವೆಲ್ಲ ಸೆರಗು, ಟಾವೆಲ್ಲು ಮೂಗಿಗೆ ಹಿಡಿದು ನಿಂತಿದ್ದೆವು. ಅವರು ಮಾತ್ರ ಹಳ್ಳದ ದಂಡೆಯಲ್ಲಿ ಆರಾಮಾಗಿ ನಿಂತು, ವಾಸನೆ ಏನೂ ಬರುವುದಿಲ್ಲ ಎಂದು ಬರೆದುಕೊಂಡರು. ಬರೆದು ಮುಗಿಸಿ ಆರು ಸಲ ಸೀನಿದರು. ಅವರ ಮೂಗು ಎರಡೂ ಕಡೆ ಕಟ್ಟಿ ನಾಲ್ಕು ದಿನವಾಗಿತ್ತಂತೆ.

ದೊಡ್ಡವ್ವ ಮನೆಗೆ ಹೋಗಿ ಶುಂಠಿ ಕಷಾಯ ಮಾಡಿ ತಂದುಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು, ಇಂಥವರಿಗೂ ಉಪಚಾರವೇ ಎಂದು ಬೈದೆ.

"ಕುಡೀಲಿ ಬಿಡೋ," ಎಂದಳು. "ಮೂಗ ಬಿಟ್ಟಿತಂದ್ರ ತಾನ ಓಡಿ ಹೋಗ್ತಾನ."

ಹರಕತ್

ಕೊನೆಗೆ ಜನರ ಅಭಿಪ್ರಾಯ ಕೇಳುವ ಸಭೆಯ, ಅಂದರೆ ಜನಸುನಾವಣಿಯ ದಿನ ಬಂತು. ಹತ್ತಕ್ಕೆ ಬರಬೇಕಾದ ಸೊಲ್ಲಾಪುರದ ಸಾಹೇಬರು ಒಂದು ಗಂಟೆಗೆ ಬಂದು, ತಡವಾಯಿತು, ಮಾಫ್ ಮಾಡಿ ಎಂದರು. ನಾವೆಲ್ಲ ಒಂದೇ ದನಿಯಲ್ಲಿ "ಹರಕತ್ ಇಲ್ರಿ ಸಾಹೇಬ್ರ" ಎಂದೆವು. ಕುರ್ಚಿ ಕಡಿಮೆ ಬಿದ್ದವು. ಹರಕತ್ ಇಲ್ರಿ. ಮೈಕು ಕೆಟ್ಟಿತು. ಹರಕತ್ ಇಲ್ರಿ. ಕಾಲು ತುಳಿದವನಿಗೂ ಹಾಗೆನ್ನುವ ಜನ ನಾವು. ನಮ್ಮ ಬಾಯಲ್ಲಿ ಅದಕ್ಕೆ ಪರವಾಗಿಲ್ಲ ಎಂದಷ್ಟೇ ಅರ್ಥ. ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ನಾನೇ.

ಆಮೇಲೆ ದೊಡ್ಡವ್ವ ಎದ್ದು ತನ್ನ ಬಾವಿಯ ಕತೆಯನ್ನು ಕನ್ನಡದಲ್ಲಿ ಹೇಳಿದಳು, ನಾನು ಮರಾಠಿಗೆ ತಿರುಗಿಸಿದೆ, ಕೊನೆಯ ಒಂದು ಮಾತನ್ನು ಮಾತ್ರ ಸಾಹೇಬರ ಮರ್ಯಾದೆಗೆ ತುಸು ಮೆತ್ತಗೆ ಮಾಡಿ. ಸಭೆಯಲ್ಲಿ ಬರೆದದ್ದನ್ನು ಕೊನೆಗೆ ಜನರ ಮುಂದೆ ಓದಬೇಕೆಂಬ ಕಾಯಿದೆ ಇದೆ. ಸಾಹೇಬರ ಕಾರಕೂನ ಎದ್ದು ಓದಿದ: ಗ್ರಾಮಸ್ಥರು ಮೂರು ಸಲ ಒಕ್ಕೊರಲಿನಿಂದ 'ಹರಕತ್ ನಾಹೀ' ಎಂದಿದ್ದಾರೆ. ಒಬ್ಬ ವೃದ್ಧ ಮಹಿಳೆ ನೀರಿನ ಬಗ್ಗೆ ಮಾತಾಡಿ ಆಶೀರ್ವಾದ ಮಾಡಿದ್ದಾರೆ.

ಮರಾಠಿ ಕಾಗದದಲ್ಲಿ 'ಹರಕತ್ ನಾಹೀ' ಎಂದರೆ ಆಕ್ಷೇಪವಿಲ್ಲ ಎಂದರ್ಥ. ಎರಡು ಭಾಷೆ ಬಲ್ಲ ಈ ಮಾಸ್ತರನಿಗೆ ಅದು ಆಗ ಹೊಳೆಯಿತು. ನಾನು ಕೂಗಾಡಿದೆ. ದೊಡ್ಡವ್ವ ನನ್ನ ತೋಳು ಜಗ್ಗಿ ಮೆಲ್ಲಗೆ ಕೇಳಿದಳು:

"ನಾ ಕೊಟ್ಟ ಶಾಪನ್ನ ಆಶೀರ್ವಾದ ಅಂತ ಹೇಳಿದವ್ರು ಯಾರೋ?"

ಹರಕತ್ ಐತಿ

ಊರೆಲ್ಲ ಸಹಿ, ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟಿತು. ಮೂರು ಸಲ ಸೊಲ್ಲಾಪುರಕ್ಕೆ ಎಡತಾಕಿದ ಮೇಲೆ ಸುನಾವಣಿ ಮತ್ತೊಮ್ಮೆ ನಿಗದಿಯಾಯಿತು. ಈ ಸಲ ನಾನು ಸಾಲಿಯ ಪಾಠದಂತೆ ಮನೆಮನೆಗೂ ಹೋಗಿ ಕಲಿಸಿದೆ: ಸತ್ತರೂ ಆ ಮಾತು ಬಾಯಿಂದ ಬರಕೂಡದು. ಹದಿನೈದು ದಿನ ಊರಲ್ಲಿ ಯಾರೂ ಯಾರಿಗೂ ಹರಕತ್ ಇಲ್ಲ ಅನ್ನಲಿಲ್ಲ. ಇದರಿಂದ ಎರಡು ಜಗಳವೂ ಆದವು.

ಸಾಹೇಬರು ಅಂದೂ ತಡವಾಗಿ ಬಂದು ಮಾಫ್ ಕೇಳಿದರು. ಎಲ್ಲರೂ ಕೂಡಿ "ಹರಕತ್ ಐತಿ" ಎಂದೆವು. ಕಾರಕೂನ ಬರೆದುಕೊಂಡ. ಕುರ್ಚಿಗೆ ಹರಕತ್ ಐತಿ, ಮೈಕಿಗೆ ಐತಿ. ಚಹಾ ತಂದವನಿಗೂ ಐತಿ ಅಂದಾಗ ಅವನು ಟ್ರೇ ಹಿಡಿದುಕೊಂಡೇ ಹಿಂದೆ ಸರಿದ. ದೊಡ್ಡವ್ವ ಬಾವಿಯ ಕತೆ ಮತ್ತೆ ಹೇಳಿದಳು. ಕಾರಕೂನನ ಪೆನ್ನು ಮಾತ್ರ ಅಲ್ಲಿ ನಿಂತೇ ಇತ್ತು. ಕುರ್ಚಿ, ಮೈಕು, ಚಹಾ ಎಲ್ಲ ಕಾಗದದಲ್ಲಿದ್ದವು, ಬಾವಿ ಇರಲಿಲ್ಲ.

ಆಗಲೇ ಸಾಹೇಬರು ಗಡಿಯಾರ ನೋಡಿ ಎದ್ದು, ರೂಢಿಯಂತೆ ಕೈ ಮುಗಿದು, ನಾನಿನ್ನು ಹೊರಡಲೇ, ಹರಕತ್ ಇಲ್ಲವಲ್ಲ ಎಂದು ಕೇಳಿಬಿಟ್ಟರು.

"ಐತ್ರಿ," ಎಂದಳು ದೊಡ್ಡವ್ವ. ಎದ್ದುಹೋಗಿ ಜೀಪಿನ ಮುಂದೆ ನೆಲದ ಮೇಲೆ ಕೂತಳು. "ನನ್ನ ಬಾವಿ ಮಾತ ಬರದು, ಓದಿ ಹೇಳಿ ಹೋಗ್ರಿ."

ಇಡೀ ಊರು ಅವಳ ಹಿಂದೆ ಕೂತಿತು. ಸಾಹೇಬರು ಮರಳಿ ಬಂದು ಕುರ್ಚಿಯಲ್ಲಿ ಕೂತರು. ಕಾರಕೂನ ಬರೆದ, ಓದಿದ, ದೊಡ್ಡವ್ವ ಎರಡು ಕಡೆ ತಿದ್ದಿಸಿದಳು. ಯಾವಾಗಲೂ ತಡವಾಗಿ ಬರುವ ಸಾಹೇಬರು ಅಂದು ಮೊದಲ ಸಲ ತಡವಾಗಿ ಹೋದರು.