ಲಾಭ, ಎರಡು, ಮೂರು

ಪರೀಕ್ಷೆ ಬರೆಯುವವರು ಮಕ್ಕಳು, ಫಜೀತಿ ಪಡುವವರು ದೊಡ್ಡವರು. ನಮ್ಮ ಶಾಲೆಯಲ್ಲಿ ಇದು ಯಾವ ವರ್ಷವೂ ತಪ್ಪಿದ್ದಲ್ಲ. ಚೇಳೂರಿನ ಹತ್ತಿರದ ನಮ್ಮೂರ ಸರ್ಕಾರಿ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನವರೆಗೆ ಓದಿದವನು. ದೇವರ ದಯದಿಂದ ಈಗ ಅದೇ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷ. ಈ ಸಲ ಎಲ್ಲ ಶಾಲೆಗಳಿಗೂ ಒಂದೇ ಥರದ ಓದು, ಲೆಕ್ಕದ ಪರೀಕ್ಷೆ ಬಂತು. ರಿಸಲ್ಟು ಚೆನ್ನಾಗಿ ಬರದಿದ್ದರೆ ಮಕ್ಕಳನ್ನು ಗುಬ್ಬಿಯ ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸುತ್ತೇವೆ ಅಂತ ಊರಿನ ಮೂರು ಮನೆಯವರು ಮೊದಲೇ ಹೇಳಿಬಿಟ್ಟಿದ್ದರು. ಆ ಮಕ್ಕಳು ಹೋದರೆ ಇರುವ ಇಬ್ಬರು ಟೀಚರಲ್ಲಿ ಒಬ್ಬರನ್ನು ಬೇರೆ ಊರಿಗೆ ಹಾಕುತ್ತಾರೆ. ಹೆಡ್‌ಮೇಡಂ ಆ ವಾರ ನೆಟ್ಟಗೆ ಊಟ ಮಾಡಲಿಲ್ಲ.

ಅಜ್ಜಿಯ ಹಸು

ಚಿಕ್ಕ ಮಕ್ಕಳಿಗೆ ಬಾಯಿಮಾತಿನ ಪರೀಕ್ಷೆ. ಅದನ್ನು ನಡೆಸಲು ತುಮಕೂರಿನಿಂದ ಒಬ್ಬ ಹುಡುಗಿ ಬಂದಿದ್ದಳು. ಮೂರನೇ ಕ್ಲಾಸಿನ ಹೆಣ್ಣುಮಗು ಎಲ್ಲೂ ತಡವರಿಸದೆ ಓದಿತು: ಅಜ್ಜಿಯ ಹಸು ಹತ್ತು ಲೀಟರ್ ಹಾಲು ಕೊಟ್ಟಿತು, ಅಜ್ಜಿ ಎಲ್ಲ ಹಾಲನ್ನೂ ಡೈರಿಗೆ ಹಾಕಿದಳು.

ಡೈರಿಗೆ ಎಷ್ಟು ಹಾಕಿದಳು ಅಂತ ಕೇಳಿದರೆ ಮಗು, ಎಂಟು ಲೀಟರ್ ಅಂದಿತು.

“ಹತ್ತು ಅಂತ ಇದೆಯಲ್ಲ ಪುಟ್ಟಿ?”

“ಮನೇಲಿ ಕಾಫಿಗೆ ಬೇಡ್ವಾ ಮಿಸ್?”

ಎಲ್ಲ ಹಾಲನ್ನೂ ಅಂತ ಬರೆದಿದೆ ನೋಡು ಅಂತ ಅವಳು ಬೆರಳಿಟ್ಟು ತೋರಿಸಿದಳು. ಮಗು ಅವಳನ್ನೇ ಕನಿಕರದಿಂದ ನೋಡಿತು. “ಹಂಗಂತ ಬರ್ದವ್ರೆ ಮಿಸ್. ಯಾರ ಮನೇಲೂ ಎಲ್ಲಾ ಹಾಕಲ್ಲ.”

ಏನು ಬರೆದುಕೊಂಡಿರಿ ತಾಯಿ ಅಂತ ಆಮೇಲೆ ಕೇಳಿದೆ. ಓದಲು ಬರುತ್ತದೆ, ನಂಬಲು ಬರುವುದಿಲ್ಲ ಅಂತ ಬರೀಬೇಕು ಅನಿಸ್ತಿದೆ ಯಜಮಾನ್ರೇ, ಅಂದಳು.

ಹುಣಸೆ ಬೀಜ

ಎರಡನೇ ಕ್ಲಾಸಿನ ಹುಡುಗನ ಮುಂದೆ ತುಮಕೂರಿನವಳು ಐದು ಹುಣಸೆ ಬೀಜ ಇಟ್ಟು ಎಣಿಸು ಅಂದಳು. ಅವನು ಮೊದಲು ಬೀಜಕ್ಕೆ ಕೈಮುಗಿದ. ಆಮೇಲೆ, “ಲಾಭ, ಎರಡು, ಮೂರು, ನಾಕು, ಐದು.”

ಮೊದಲಿಂದ ಹೇಳು ಅಂದಳು. ಮತ್ತೆ ಲಾಭ. ಇನ್ನೂ ನಿಧಾನಕ್ಕೆ ಹೇಳು ಅಂದಳು. ಇನ್ನೂ ನಿಧಾನಕ್ಕೆ ಲಾಭ.

ಒಂದು ಅನ್ನೋದೇ ಗೊತ್ತಿಲ್ವಲ್ಲ ಅಂತ ಅವಳು ಪೆನ್ನು ಎತ್ತಿದಾಗ ನಾನು ಸುಮ್ಮನಿರಲಾರದೆ ವಿವರಿಸಿದೆ: ರಾಗಿ ಅಳೆಯುವಾಗ ನಮ್ಮ ಕಡೆ ಮೊದಲನೇ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ, ಹುಡುಗ ತಾತನ ಜೊತೆ ಕಣದಲ್ಲಿ ಕೂತು ಕಲಿತವನು.

ಅವಳು ಫಾರಂ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಎಲ್ಲಾ ಸರಿ ಯಜಮಾನ್ರೇ. ಇದ್ರಲ್ಲಿ ಲಾಭಕ್ಕೆ ಕಾಲಂ ಇಲ್ವಲ್ಲ.”

ನನ್ನದೇ ತಪ್ಪು

ನಾಲ್ಕು, ಐದನೇ ಕ್ಲಾಸಿಗೆ, ಸರಿ ಉತ್ತರದ ಸೊನ್ನೆಯೊಳಗೆ ಪೆನ್ನಿನಿಂದ ಕಪ್ಪು ತುಂಬುವ ಹಾಳೆ. ತಿದ್ದುವುದು ಮೆಷಿನ್ನು. ಹಾಳೆಗಳ ಕಟ್ಟಿನ ಸೀಲು ಒಡೆಯುವಾಗ ಸಾಕ್ಷಿಗೆ ನನ್ನನ್ನು ಕೂರಿಸಿದರು. ಹೆಡ್‌ಮೇಡಂ ಮಕ್ಕಳನ್ನು ಕರೆತರಲು ಹೊರಗೆ ಹೋದರು. ಹೊಸ ಹಾಳೆ, ಮೂರು ಮನೆಯ ಮಾತು, ಮೇಡಂ ಮುಖ. ಎಲ್ಲಾ ಒಟ್ಟಿಗೆ ಕಣ್ಣಿಗೆ ಬಂತು. ಗಣಪತಿ ಪಟದ ಮುಂದಿದ್ದ ಬಟ್ಟಲು ತಗೊಂಡು ಪ್ರತಿ ಹಾಳೆಯ ಮೂಲೆಗೂ ಒಂದೊಂದು ಬೊಟ್ಟು ಕುಂಕುಮ ಇಟ್ಟೆ.

ಆ ಮೂಲೆಯಲ್ಲಿ ಅಚ್ಚಾದ ಕಪ್ಪು ಗುರುತು ನೋಡಿಯೇ ಮೆಷಿನ್ನು ಹಾಳೆ ಓದುವುದಂತೆ; ನನ್ನ ಕುಂಕುಮ ಅದನ್ನೇ ಮುಚ್ಚಿತ್ತು. ನಮ್ಮ ಶಾಲೆಯದನ್ನೆಲ್ಲ ಹೊರಕ್ಕೆ ಉಗುಳಿತು. ಗುಬ್ಬಿಯ ಶಿಕ್ಷಣಾಧಿಕಾರಿ ಸಾಹೇಬರ ಆಫೀಸಿನಿಂದ ಫೋನು ಬಂತು, ಮೇಡಂ ಜೊತೆ ನಾನೂ ಹೋದೆ.

ಸಾಹೇಬರು ಕೆಂಡವಾಗಿದ್ದರು. ಇಡೀ ಶಾಲೆಗೆ ಸೊನ್ನೆ ಹಾಕಬೇಕಾಗುತ್ತೆ ಅಂದರು. ತಪ್ಪು ನನ್ನದು, ಮಕ್ಕಳದ್ದಲ್ಲ ಅಂತ ಕೈಮುಗಿದೆ.

“ಮೆಷಿನ್‌ಗೆ ಕುಂಕುಮ ಎಲ್ಲಾ ಗೊತ್ತಾಗುತ್ತಾ ಯಜಮಾನ್ರೇ?”

ತಲೆ ಎತ್ತಿದೆ. ಅವರ ಹಿಂದೆಯೇ ಇತ್ತು ಆ ಮೆಷಿನ್ನು: ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕಾಸಿನಗಲ ಕುಂಕುಮ, ಪಕ್ಕದಲ್ಲಿ ಒಣಗಿದ ಸೇವಂತಿಗೆ.

“ಇದು ಯಾರು ಹಚ್ಚಿದ್ದು ಸ್ವಾಮಿ?”

ಸಾಹೇಬರು ತಿರುಗಿ ನೋಡಿದರು. ಆಯುಧಪೂಜೇಲಿ ನಾನೇ, ಅಂತ ಮೆಲ್ಲಗೆ ಹೇಳಿದರು.

ಮಕ್ಕಳು ಪಾಸಾದರು, ಮೂರು ಮನೆಯವರು ವ್ಯಾನಿನ ಮಾತು ಬಿಟ್ಟರು, ಟೀಚರೂ ಉಳಿದರು. ಅದಕ್ಕೆಲ್ಲ ಕಾರಣ, ಅದಾದ ಮೇಲೆ ಸಾಹೇಬರು ಗುಮಾಸ್ತರಿಗೆ ಹೇಳಿದ ಮಾತು:

“ಇವ್ರದ್ದು ಕೈಯಲ್ಲೇ ತಿದ್ದಿ. ಚಪ್ಪಲಿ ಬಿಟ್ಟು ಕೂತ್ಕೊಳ್ರಿ, ಕುಂಕುಮ ಐತೆ.”