ಗ್ರೀಸ್ ದೇಶದ ಕತ್ತರಿ

ಜೋಳ ಹಸನು ಮಾಡುತ್ತ ಕುಳಿತಿದ್ದೆ. ಹುಕ್ಕೇರಿಯಿಂದ, ಕಾಕಾನ ಹೆಂಡತಿ ಕಾಕುವಿನ ತವರಿನಿಂದ, ಅವರ ಅತ್ತಿಗೆಯ ಫೋನು: “ನಿಮ್ಮ ಕಾಕಾ ನಮ್ಮ ಬಾಗಲದಾಗ ಕತ್ತರಿ ಹಿಡಕೊಂಡು ನಿಂತಾರವಾ!”

ಹೆದರಬೇಡಿ. ಕಾಕಾ ಅಂದರೆ ನಮ್ಮವರ ಚಿಕ್ಕಪ್ಪ, ಇರುವೆಗೂ ದಾರಿ ಬಿಟ್ಟು ನಡೆಯುವವರು. ಅವರಿಗಿರುವುದು ಒಂದೇ ಹುಚ್ಚು, ಗ್ರೀಸ್ ದೇಶದ ಹಳೆಯ ನೋಟುಗಳದ್ದು. ಗೋಕಾಕದಲ್ಲಿ ಕುಳಿತವರಿಗೆ ಗ್ರೀಸ್ ಯಾಕೆ? ದೇವರಿಗೇ ಗೊತ್ತು! ಮನೆಯಲ್ಲಿ ಸಕ್ಕರೆ ಮುಗಿದದ್ದು ತಿಳಿಯದು. ಅಲ್ಲಿನ ಹಳೆಯ ನಾಣ್ಯ ದ್ರಾಕ್ಮಾ ಹೋಗಿ ಯೂರೋ ಬಂದಾಗ ಮಾತ್ರ ಸೂತಕದವರಂತೆ ಕೂತಿದ್ದರು.

ಒಂದು ದೀಪಾವಳಿಗೆ ಲಕ್ಷ್ಮಿಯ ಮುಂದೆ ಅಲ್ಲಿನ ಯುದ್ಧಕಾಲದ ನೋಟು ಇಟ್ಟರು. ಸೊನ್ನೆಗಳೋ ಸೊನ್ನೆಗಳು!

“ಇಷ್ಟ ರೊಕ್ಕಕ್ಕ ಏನ್ ಬರ್ತಿತ್ರಿ?” ಎಂದೆ.

“ಆವಾಗ? ಒಂದು ರೊಟ್ಟಿ ಬಂದ್ರ ಪುಣ್ಯ.”

“ಮದಲ ತಗೀರಿ ಅದನ್ನ!” ಎಂದರು ಕಾಕು. “ಲಕ್ಷ್ಮಿ ಇದ ರೂಢಿ ಹಿಡದ್ಲಂದ್ರ ನಮ್ಮ ಗತಿ ಏನು?”

ನೂರು ವರ್ಷದ ಹಿಂದೆ ಗ್ರೀಸ್ ಸರಕಾರ ಖಜಾನೆ ಬರಿದಾಗಿ, ಜನರ ನೋಟುಗಳನ್ನೇ ನಡುವೆ ಕತ್ತರಿಸಲು ಹೇಳಿತಂತೆ. ಎಡಭಾಗ ಅರ್ಧ ಬೆಲೆಗೆ ನಡೆಯುತ್ತದೆ, ಬಲಭಾಗ ಸರಕಾರಕ್ಕೆ ಸಾಲ! ಕಾಕಾ ಇದನ್ನು ಮೂಡಲಗಿ ಬಸ್ಸಿನಲ್ಲಿ ಪರೀಕ್ಷಿಸಿದರು, ನಮ್ಮದೇ ಹತ್ತರ ಅರ್ಧ ನೋಟು ಚಾಚಿ.

“ಗ್ರೀಸಿನಾಗ ನಡೀತಿತ್ತಪಾ.”

“ಹಂಗಾದ್ರ ಗ್ರೀಸಿನ ಗಾಡಿ ಹತ್ರಿ ಅಜ್ಜಾರ,” ಎಂದ ಕಂಡಕ್ಟರ್, “ಇದು ಮೂಡಲಗಿದು!”

ಅಲ್ಲಿಗೇ ನಿಂತಿದ್ದರೆ ನಮ್ಮ ಪುಣ್ಯ. ಹೋದ ವಾರ ಬೀಗರಿಗೆ ಅದೇ ಕಥೆ ಹೇಳುವ ಭರದಲ್ಲಿ, ದೇವರ ಜಗಲಿಯ ಮೇಲಿದ್ದ ನೂರರ ನೋಟನ್ನು ಕಚಕ್ಕನೆ ಕತ್ತರಿಸಿಬಿಟ್ಟರು. ಕಾಕುವಿನ ತಾಯಿ ಕೊನೆಯ ಸಲ ಮಗಳ ಉಡಿಯಲ್ಲಿ ಹಾಕಿದ್ದ ನೋಟು ಅದು. ಅದರ ಮೇಲೆ ಆ ತಾಯಿಯ ಹೆಬ್ಬೆರಳಿನ ಅರಿಶಿನ ಹಾಗೇ ಇತ್ತು. ಕಾಕು ಜಗಳವಾಡಲಿಲ್ಲ; ಚೀಲ ಹಿಡಿದು ಹುಕ್ಕೇರಿಯ ತವರಿಗೆ ಹೋದರು. ಕಾಕಾ ನಮ್ಮಲ್ಲಿ ಉಣ್ಣುತ್ತ ತುತ್ತಿಗೊಮ್ಮೆ ಕೇಳುತ್ತಿದ್ದರು, “ಬರ್ತಾಳಿಲ್ಲೋ?”

ಈಗ ಅತ್ತಿಗೆ ಹಿಡಿದಿದ್ದ ಫೋನಿನಲ್ಲಿ, ಬಾಗಿಲಿಗೆ ಬಂದ ಕಾಕುವಿಗೆ ಹೇಳುವ ಅವರದೇ ದನಿ ಕೇಳಿತು: “ತಗೋ ಕತ್ತರಿ. ಇದು ನನ್ನ ಸೊನ್ನಿ ನೋಟು. ನೀನೂ ಕತ್ತರಸು, ಲೆಕ್ಕ ಸರಿ ಆಗಲಿ.”

“ಇದರ ಮ್ಯಾಲ ನಮ್ಮವ್ವನ ಬೆರಳು ಐತೇನ್ರಿ?” ಎಂದರು ಕಾಕು.

ಕಾಕಾ ಗ್ರೀಸಿನ ಹೆಸರೆತ್ತಲಿಲ್ಲ. ನಾನು ಕಂಡಂತೆ ಇದೇ ಮೊದಲು! ಮೆಲ್ಲಗೆ ಅಂದರು, “ನಿನ್ನ ನೋಟು ಅಂಟಿಸೇನಿ. ಅವ್ವನ ಅರಿಷಿಣ ಕೂಡೇತಿ ಇಲ್ಲೋ ನೋಡು. ಕನ್ನಡಕ ಹಾಕ್ಕೊಂಡ್ರೂ ಕಣ್ಣಾಗ ನೀರ ಬಂದು ಕಾಣವಲ್ದು.”

ಕಾಗದ ಬಿಚ್ಚಿದ ಸದ್ದು ಕೇಳಿತು. ಆಮೇಲೆ ಕಾಕು, “ಸೊಟ್ಟ ಅಂಟಿಸೀರಿ. ಬರ್ರಿ ಒಳಗ, ಉಣ್ಣುವಂತ್ರಿ,” ಎಂದರು. ಹಾಗೇ ಫೋನು ಇಸಿದುಕೊಂಡು ನನಗೆ ಹೇಳಿದರು, “ಸಂಜಿ ಗಾಡಿಗೆ ಬರ್ತೀವಿ. ನಮ್ಮ ಮನಿ ಕೊಡ ತುಂಬಿಸಿಡವಾ.”

ಜೋಳವನ್ನು ಮೊರದಲ್ಲೇ ಬಿಟ್ಟು, ಅವರ ಅಡುಗೆಮನೆಯ ಕೊಡಗಳನ್ನು ಬೆಳಗಲು ಹೋದೆ.